ಟಚ್ ಹೋದವನಿಗೊಂದು ಮೌಸ್

ನನ್ನ ಕಾಯಿಲೆಯನ್ನು ನಾನು ಮೊದಲು ನೋಡಿದ್ದು ರುಕ್ಮಯ್ಯ ಮಾಸ್ಟ್ರ ಫೋನಿನಲ್ಲಿ. ನೋಡಿದೆ, ಆದರೆ ಅದು ಫೋನಿನ ಕಾಯಿಲೆ ಎಂದುಕೊಂಡೆ.

ಕಡಬ ಪೇಟೆಯಲ್ಲಿ ಅಶ್ರಫಾಕನ ಮೊಬೈಲ್ ಅಂಗಡಿ. ಅದರ ಹಿಂಬದಿಯ ರಿಪೇರಿ ಟೇಬಲ್ ಆರು ವರ್ಷದಿಂದ ನನ್ನದು. ಕೈಯಲ್ಲಿ ಚಿಮುಟ, ಬಾಯಲ್ಲಿ ಊರಿನವರೆಲ್ಲರ ಸ್ವರ. ಗಿರಾಕಿ ಮೆಟ್ಟಿಲಿಳಿದು ರಸ್ತೆ ಮುಟ್ಟುವ ಮೊದಲೇ ಅವರ ಮಾತು ಒಳಗೆ ಇನ್ನೊಮ್ಮೆ ಕೇಳುತ್ತಿತ್ತು, ಈ ಸಲ ನನ್ನ ಬಾಯಿಯಿಂದ. ಅಶ್ರಫಾಕನನ್ನೂ ಬಿಟ್ಟವನಲ್ಲ. ಕೆಲಸ ಕಲಿಸಿದ ಗುರು ಎಂದು ಅವರ ಸ್ವರ ಮಾತ್ರ ಸ್ವಲ್ಪ ಮರ್ಯಾದೆಯಿಂದ ತೆಗೆಯುತ್ತಿದ್ದೆ. ಅವರು ಕಲಿಸಿದ ಮೊದಲ ಪಾಠವನ್ನು ಅವರದೇ ಮೂಗಿನ ಸ್ವರದಲ್ಲಿ ಇಲ್ಲಿ ಬರೆಯಲು ಆಗುವುದಿಲ್ಲ, ನೀವೇ ಕಲ್ಪಿಸಿಕೊಳ್ಳಿ:

"ನೋಡು ಮೋನೆ, ಟಚ್ ಹೋದ ಫೋನನ್ನು ಗಿರಾಕಿ ಹತ್ರ ಸತ್ತಿದೆ ಅಂತ ಹೇಳ್ಬೇಡ. ಹೊರಗಿನ ಗ್ಲಾಸಿಗೆ ಬೆರಳು ಗೊತ್ತಾಗುದಿಲ್ಲ, ಅಷ್ಟೇ. ಒಳಗೆ ಎಲ್ಲ ಹಾಗೇ ಉಂಟು. ಮೊದಲು ಮೌಸ್ ಹಾಕಿ ನೋಡು."

ಅದಕ್ಕೆಂದೇ ಅಂಗಡಿಯಲ್ಲಿ ಒಂದು ಹಳೆಯ ಮೌಸ್ ಇತ್ತು. ವಯರಿಗೆ ಮೂರು ಕಡೆ ಕಪ್ಪು ಟೇಪು. ಗಿಡ್ಡ ಓಟಿಜಿ ಕೇಬಲಿನಲ್ಲಿ ಅದನ್ನು ಫೋನಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಬಾಣ ಮೂಡುತ್ತದೆ. ಫೋಟೊ, ನಂಬರು, ಸಾಲಾಗಿ ಕುಳಿತ ಸಂಸಾರ, ಎಲ್ಲವನ್ನೂ ಆ ಬಾಣದಲ್ಲೇ ಒತ್ತಿ ಹೊರಗೆ ತೆಗೆಯಬಹುದು. ಎಲ್ಲ ಹೋಯಿತೆಂದು ಅಳುತ್ತ ಬಂದವರು ಬಾಣ ಕಂಡ ಕೂಡಲೇ ಕಣ್ಣೊರಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಹೋದ ಮೇಲೆ ಅದನ್ನೂ ಅನುಕರಿಸಿ ತೋರಿಸಿದ್ದೇನೆ. ಅಷ್ಟು ದುಷ್ಟ ನಾನು.

ರುಕ್ಮಯ್ಯ ಮಾಸ್ಟ್ರು ಗುತ್ತಿಗಾರಿನವರು, ನಿವೃತ್ತ ಹೆಡ್ ಮಾಸ್ಟ್ರು. ಮಗಳ ಮನೆ ಕಡಬದಲ್ಲಿರುವುದರಿಂದ ತಿಂಗಳಿಗೊಮ್ಮೆ ಬರುತ್ತಾರೆ. ಎದುರಿಗಿರುವವನು ಒಬ್ಬನೇ ಆದರೂ ಕೊನೆಯ ಬೆಂಚಿನವರೆಗೆ ಕೇಳಬೇಕು ಎನ್ನುವ ಹಾಗೆ ಮಾತು. ನನ್ನ ಮಿಮಿಕ್ರಿಯಲ್ಲಿ ಅತಿ ಹೆಚ್ಚು ಬೇಡಿಕೆಯ ಐಟಂ ಅವರೇ. ಆ ದಿನ ಬ್ಯಾಟರಿ ಬೇಗ ಇಳಿಯುತ್ತದೆಂದು ಫೋನು ತಂದಿದ್ದರು.

ನಾನು ಒತ್ತಿ ನೋಡಿದೆ. ಒಂದು ಒತ್ತಿದರೆ ಎರಡು ಬೀಳುತ್ತದೆ, ಪಕ್ಕದ್ದು ತೆರೆಯುತ್ತದೆ, ಮುಟ್ಟಿ ಬಿಟ್ಟರೂ ಬಿಟ್ಟಂತೆ ಆಗುವುದಿಲ್ಲ.

"ಮಾಸ್ಟ್ರೇ, ಬ್ಯಾಟರಿ ಅಲ್ಲ, ನಿಮ್ಮ ಟಚ್ ಹೋಗಿದೆ. ಇದಕ್ಕೆ ಘೋಸ್ಟ್ ಟಚ್ ಅಂತ ಹೇಳುದು. ಅದರಷ್ಟಕ್ಕೆ ಒತ್ತಿಕೊಳ್ತದೆ."

"ಪ್ರೇತವಾ?" ಎಂದರು ಮಾಸ್ಟ್ರು. ತಮ್ಮ ಬೆರಳಿನಿಂದ ಒತ್ತಿ ತೋರಿಸಿದರು. "ನನಗೆ ಸರಿ ಆಗ್ತದೆ ಅಲ್ಲವೇನಯ್ಯ?"

"ಅದು ಹಾಗೆಯೇ. ಮನೆಯವರಿಗೆ ಕಾಣಿಸಿಕೊಳ್ಳುದಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗಿಸಿದ ಮೇಲೆ ನಾನು ಹೇಳಿದ್ದೇ ಸರಿ ಎನ್ನುವ ಧೈರ್ಯ ಬರುವುದು ನನ್ನ ಹಳೆಯ ದೋಷ. ಒಳ್ಳೆಯ ಡಿಸ್‌ಪ್ಲೇ ತೆಗೆದು ಹೊಸತು ಹಾಕಿದೆ. ಎರಡು ಸ್ಕ್ರೂ ಕೈಯಿಂದ ಜಾರಿ ಬಿದ್ದವು. ಟೇಬಲ್ ಅಲುಗಾಡುತ್ತದೆಂದು ಟೇಬಲಿಗೆ ಬೈದೆ. ತೆಗೆದ ಹಳೆಯ ಭಾಗಕ್ಕೆ ಗಿರಾಕಿಯ ಹೆಸರಿನ ಟೇಪು ಅಂಟಿಸಿ ಡ್ರಾಯರಿನಲ್ಲಿಡುವುದು ನಮ್ಮ ಅಂಗಡಿಯ ಕ್ರಮ, ಯಾರಾದರೂ ಕೇಳಿದರೆ ತೋರಿಸಲಿಕ್ಕೆ. 'ರುಕ್ಮಯ್ಯ ಮಾ.' ಎಂದು ಬರೆದು ಇಟ್ಟೆ.

ಮರುದಿನ ಅದೇ ಪ್ರೇತ ನನ್ನ ಫೋನಿಗೆ ಬಂತು. ಟೆಂಪರ್ಡ್ ಗ್ಲಾಸ್ ಬದಲಾಯಿಸಿದೆ. ಹೋಗಲಿಲ್ಲ. ಇನ್ನೊಂದು ಹಾಕಿದೆ. ಸಂಜೆಗೆ ಅಂಗಡಿಯ ಫೋನಿಗೂ ಹಿಡಿಯಿತು.

ಅಶ್ರಫಾಕ ಎದ್ದು ಬಂದರು. "ಪ್ರೇತ ಮೂರು ಫೋನಿಗೆ ಒಟ್ಟಿಗೆ ಹಿಡಿತದಾ ಮಾರಾಯ? ಫೋನ್ ಇಡು. ನಿನ್ನ ಕೈ ಕೊಡು."

ಚಾಚಿದೆ. ಅವರು ನನ್ನ ಮುಖ ನೋಡುತ್ತ ನಿಂತರು. ನಾನು ಅವರ ಮುಖ ನೋಡಿದೆ.

"ಎಂತ ಮಾಡುದು ನೀವು? ಬೇಗ ಮಾಡಿ."

"ಮಾಡಿ ಆಯ್ತು," ಎಂದರು. ಕೆಳಗೆ ನೋಡಿದರೆ ನನ್ನ ತೋರುಬೆರಳಿನಲ್ಲಿ ಚಿಮುಟದ ಮೊನೆ ಒತ್ತಿದ ಗುರುತು. ನನಗೆ ತಿಳಿದೇ ಇರಲಿಲ್ಲ.

ಆ ಹೊತ್ತು ಯಾರ ಸ್ವರವೂ ನನಗೆ ನೆನಪಾಗಲಿಲ್ಲ.

*

ನಮ್ಮ ಮನೆ ರಾಮಕುಂಜದಲ್ಲಿ. ಅಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮನೆಯಲ್ಲಿ ನಾನು ಮತ್ತು ಅವಳು, ಇಬ್ಬರೇ. ನಮ್ಮ ಮಾತು ತುಳು; ಕನ್ನಡದಲ್ಲಿ ಬರೆಯುವಾಗ ಅವಳ ಖಾರ ಅರ್ಧ ಹೋಗುತ್ತದೆ, ಅದಕ್ಕೆ ಕ್ಷಮೆ ಇರಲಿ.

ಮರುದಿನ ಬೆಳಿಗ್ಗೆ ನಾನು ಬಚ್ಚಲಿನಿಂದ ಬರುವಾಗ ಅಮ್ಮ ಕೇಳಿದಳು: "ಒಂದು ಕಾಲಿನ ಚಪ್ಪಲಿ ಎಲ್ಲಿ?" ಹಿಂದೆ ನೋಡಿದೆ. ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಕಾಲಿಗೂ ಗೊತ್ತಾಗಿರಲಿಲ್ಲ.

ಪುತ್ತೂರಿನ ಆಸ್ಪತ್ರೆಯ ಬೆಂಚಿನಲ್ಲಿ ಎರಡು ಗಂಟೆ ಕುಳಿತೆವು. ಹೆಸರು ಕರೆಯುವ ಅಕ್ಕನಿಗೆ ಎಲ್ಲ ಹೆಸರನ್ನೂ ಪ್ರಶ್ನೆಯ ಹಾಗೆ ಕರೆಯುವ ಅಭ್ಯಾಸ. "ಪದ್ಮಾವತಿ? ಇದ್ದೀರಾ ಪದ್ಮಾವತಿ? ಇಲ್ವಾ?" ನಾನು ಅಮ್ಮನ ಕಿವಿಯಲ್ಲಿ ಅದೇ ಸ್ವರ ತೆಗೆದೆ: "ಚರಣ್? ಇದ್ದೀರಾ ಚರಣ್? ಇಲ್ವಾ?" ಅಮ್ಮ ನನ್ನ ತೊಡೆಗೆ ಹೊಡೆದು ನಕ್ಕಳು. ಸುಮಾರು ದಿನ ಅವಳು ನಕ್ಕದ್ದು ಅದೇ ಕೊನೆ.

ಡಾಕ್ಟ್ರು ರಬ್ಬರಿನ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ಹೊಡೆದರು. ಕಾಲು ಎದ್ದು ಒದೆಯಬೇಕಿತ್ತಂತೆ. ಒದೆಯಲಿಲ್ಲ. ಇನ್ನೊಮ್ಮೆ ಹೊಡೆದರು. ಮತ್ತೊಂದು ಕಾಲಿಗೆ ಹೊಡೆದರು. ನಾನು ಹೇಳಿದೆ, "ಒಳ್ಳೆಯ ಕಾಲು ಡಾಕ್ಟ್ರೇ, ಹೊಡೆದರೂ ತಿರುಗಿ ಒದೆಯುದಿಲ್ಲ." ಅವರು ನಗಲಿಲ್ಲ. ನನ್ನ ತಮಾಷೆಗೆ ನಗದವರನ್ನು ನೋಡಿದ್ದೇನೆ. ತಮಾಷೆಯೇ ಕೇಳಿಸದವರನ್ನು ಅವತ್ತೇ ನೋಡಿದ್ದು.

"ಮಂಗಳೂರಿಗೆ ಕರ್ಕೊಂಡು ಹೋಗಿ ಅಮ್ಮ. ನರದ ಡಾಕ್ಟ್ರು ನೋಡ್ಬೇಕು."

"ಬುಧವಾರ ಶಾಲೆಗೆ ರಜೆ ಉಂಟು. ಅವತ್ತು ಹೋದ್ರೆ ಆಗ್ಲಿಕ್ಕಿಲ್ವಾ?"

"ಇಲ್ಲಮ್ಮ. ಇವತ್ತೇ. ಮನೆಗೆ ಹೋಗಿ ಬಟ್ಟೆ ತರ್ಲಿಕ್ಕೂ ಹೋಗ್ಬೇಡಿ."

*

ಮಂಗಳೂರಿನಲ್ಲಿ ನನ್ನ ಬೆನ್ನಿನಿಂದ ನೀರು ತೆಗೆದರು, ಕೈಕಾಲಿಗೆ ಸಣ್ಣ ಸಣ್ಣ ಕರೆಂಟು ಕೊಟ್ಟರು. ಇಲ್ಲಿ ಕೊಟ್ಟ ಕರೆಂಟು ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನೋಡುವುದು. ಅದು ನನ್ನದೇ ಕೆಲಸ. ದಿನಾ ಮಲ್ಟಿಮೀಟರ್ ಹಿಡಿದು ಲೈನು ತುಂಡಾಗಿದೆಯೋ ಇಲ್ಲವೋ ನೋಡುವವನು ನಾನು. ಸರಿ ಇದ್ದರೆ 'ಬೀಪ್' ಎನ್ನುತ್ತದೆ. ಪರೀಕ್ಷೆ ಮಾಡುವ ಮೇಡಂ ಒಂದೊಂದು ಕಡೆ ಒತ್ತುವಾಗಲೂ ನಾನು ಬೀಪ್‌ಗಾಗಿ ಕಾಯುತ್ತಿದ್ದೆ. ಕೊನೆಗೆ ನಾನೇ ಬಾಯಲ್ಲಿ "ಬೀಪ್" ಎಂದೆ. ಅವರು ಬೆಚ್ಚಿ ಹಿಂದೆ ಸರಿದರು.

ಕಾಯಿಲೆಗೆ ಇಬ್ಬರು ಫ್ರೆಂಚ್ ಡಾಕ್ಟರರ ಹೆಸರು. ಚಿಕ್ಕದಾಗಿ ಜಿಬಿಎಸ್ ಎನ್ನುತ್ತಾರೆ. ನರದ ಡಾಕ್ಟ್ರು ಸಣ್ಣ ಪ್ರಾಯದ ಹೆಂಗಸು, ಮಂಚದ ತುದಿಯಲ್ಲಿ ಕುಳಿತು ವಿವರಿಸಿದರು: ಮೈಯ ಕಾವಲಿನವರೇ ತಪ್ಪಿ ನರದ ಮೇಲಿನ ಹೊದಿಕೆಯನ್ನು ಹಾಳು ಮಾಡಿದ್ದಾರೆ.

"ವಯರಿನ ಸಿಪ್ಪೆ ಇಲಿ ಕಡಿದ ಹಾಗಾ?" ಎಂದೆ.

"ಸರಿಯಾಗಿ ಹಾಗೇ. ಸಿಪ್ಪೆ ಮತ್ತೆ ಬೆಳೀತದೆ. ನಿಧಾನ. ಬಹಳ ನಿಧಾನ."

ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ಡಾಕ್ಟ್ರೇ, ಬೈಬೇಡಿ. ಇದು ನಾಗನದ್ದಾ? ನಮ್ಮಿಂದ ಎಂತಾದ್ರೂ ತಪ್ಪಾಗಿದೆಯಾ?"

ನನಗೆ ನಾಚಿಕೆಯಾಯಿತು. ಡಾಕ್ಟ್ರು ಬೈಯಲಿಲ್ಲ. "ನಿಮ್ಮಿಂದ ಎಂತದೂ ತಪ್ಪಾಗಿಲ್ಲ ಅಮ್ಮ. ಇವನಿಂದಲೂ ಆಗಿಲ್ಲ. ಹರಕೆ ಹೇಳುದಾದ್ರೆ ಹೇಳಿ, ಮದ್ದು ಮಾತ್ರ ನಿಲ್ಲಿಸ್ಲಿಕ್ಕಿಲ್ಲ." ಅಮ್ಮ ಅಲ್ಲೇ ಸುಬ್ರಹ್ಮಣ್ಯದ ದಿಕ್ಕು ಯಾವುದೆಂದು ಕೇಳಿ, ಕಿಟಕಿಯ ಕಡೆಗೆ ಕೈಮುಗಿದಳು. ಡಾಕ್ಟ್ರೇ ದಿಕ್ಕು ತೋರಿಸಿದ್ದು. ಆ ಉಪಕಾರವನ್ನು ನಾನು ಮರೆಯಲಾರೆ.

ಐದು ದಿನ ಕೈಗೆ ಮದ್ದಿನ ಬಾಟಲಿ. ಆ ಐದು ದಿನ ಒಂದು ಪರೀಕ್ಷೆ ಇತ್ತು: ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಲೆಕ್ಕ ಹೇಳುತ್ತೀ? ಉಸಿರಿನ ನರಕ್ಕೂ ಹಿಡಿಯುತ್ತದೋ ಎಂದು ನೋಡಲಿಕ್ಕೆ. ಮೊದಲ ದಿನ ರುಕ್ಮಯ್ಯ ಮಾಸ್ಟ್ರ ಸ್ವರದಲ್ಲಿ ಮಗ್ಗಿ ಹೇಳಿದ ಹಾಗೆ ಮೂವತ್ತನಾಲ್ಕರವರೆಗೆ ಹೇಳಿದೆ. ಸಿಸ್ಟರ್‌ಗಳು ನಕ್ಕು ನಕ್ಕು ಇನ್ನೊಮ್ಮೆ ಹೇಳಿಸಿದರು. ಎರಡನೇ ದಿನ ಇಪ್ಪತ್ತಾರು. ಮೂರನೇ ದಿನ ಹದಿನೇಳು. ಹದಿನೇಳಕ್ಕೆ ಉಸಿರು ಮುಗಿಯಿತು, ಮಾಸ್ಟ್ರೂ ಮುಗಿದರು, ಉಳಿದದ್ದು ನನ್ನ ಸ್ವಂತ ಸ್ವರ, ಅದೂ ಸಣ್ಣದಾಗಿ. ಆ ಸ್ವರವನ್ನು ನಾನೇ ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಅಮ್ಮ ಪಕ್ಕದಲ್ಲಿ ಬೆರಳು ಮಡಚಿ ಲೆಕ್ಕ ಹಿಡಿಯುತ್ತಿದ್ದಳು. ಹದಿನೇಳಕ್ಕೆ ನಿಂತ ಬೆರಳನ್ನು ಅವಳು ಬಿಡಿಸಲಿಲ್ಲ, ಹಾಗೇ ಹಿಡಿದುಕೊಂಡು ಕುಳಿತಳು.

ನಾಲ್ಕನೇ ದಿನವೂ ಹದಿನೇಳು. ಐದನೇ ದಿನ ಹತ್ತೊಂಬತ್ತು.

"ಎರಡು ಜಾಸ್ತಿ," ಎಂದಳು ಅಮ್ಮ. ಹೊರಗೆ ಹೋಗಿ ಚಹಾ ಕುಡಿದು ಬಂದಳು. ಮೂರು ದಿನದಿಂದ ಅವಳು ಚಹಾವನ್ನೇ ಮುಟ್ಟಿರಲಿಲ್ಲ.

*

ಉಸಿರು ಉಳಿಯಿತು. ವಾರ್ಡಿಗೆ ಬಂದೆ. ಈಗ ಭಯ ಒಂದೇ ಆಗಿ, ಇನ್ನೂ ದೊಡ್ಡದಾಯಿತು: ಕೈ.

ಎರಡು ಕೈಯೂ ಹೊದಿಕೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದವು. ಭುಜ ಎತ್ತಿದರೆ ಕೈ ಬರುತ್ತಿತ್ತು, ಬೆರಳು ಜೋತಾಡುತ್ತಿತ್ತು. ಉಪ್ಪಿನ ಕಲ್ಲಿನಷ್ಟು ಸಣ್ಣ ಸ್ಕ್ರೂ ಹೆಕ್ಕುವವನಿಗೆ ಈಗ ಹಾಳೆ ಹೆಕ್ಕಲಿಕ್ಕೂ ಆಗುವುದಿಲ್ಲ. ಕಡಬದ ಆ ಟೇಬಲಿಗೆ ಇನ್ನು ನಾನು ಹೋಗುವುದುಂಟೇ? ಈ ಪ್ರಶ್ನೆಯನ್ನು ಡಾಕ್ಟ್ರ ಹತ್ತಿರ ಕೇಳಲು ಧೈರ್ಯವಿಲ್ಲ. ಅಮ್ಮನ ಎದುರು ಕೇಳುವ ಹಾಗಿಲ್ಲ. ಫೋನಿನ ಹತ್ತಿರ ಕೇಳೋಣವೆಂದರೆ ಒತ್ತಲು ಬೆರಳಿಲ್ಲ.

ಮಾತಾಡಿದರೆ ಫೋನು ತಾನೇ ಬರೆದುಕೊಳ್ಳುತ್ತದಲ್ಲ, ಎನ್ನುತ್ತೀರಿ. ನಾನೂ ಊರಿನವರಿಗೆಲ್ಲ ಹಾಗೇ ಹೇಳುತ್ತಿದ್ದೆ. ಎಂಟು ಮಂಚದ ವಾರ್ಡಿನಲ್ಲಿ ಒಮ್ಮೆ ಮಾಡಿ ನೋಡಿ. ಅಮ್ಮ ಫೋನು ನನ್ನ ಬಾಯಿಗೆ ಹಿಡಿದಳು. ಅಶ್ರಫಾಕನಿಗೆ ಸಂದೇಶ ಹೇಳಿದೆ. ಬರೆದುಕೊಂಡದ್ದು ಇದು: "ಅಶ್ರಫಾಕ ನಾನು ಆರಾಮ ಇದ್ದೇನೆ ಇಡ್ಲಿ ಯಾರಿಗೆ ಚಟ್ನಿ ಬೇಡ್ವಾ ಕಾಲು ಸ್ವಲ್ಪ ಎತ್ತಿ." ಅಮ್ಮ ಅದನ್ನು ಹಾಗೇ ಕಳಿಸಿಬಿಟ್ಟಳು. ಅವರಿಂದ ಉತ್ತರ: "ಚಟ್ನಿ ತಿನ್ನು."

ನಗು ಬಂತು, ಸರಿ. ಆದರೆ ನನಗೆ ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಅದನ್ನು ಏಳು ಮಂಚದವರಿಗೂ ಅಮ್ಮನಿಗೂ ಕೇಳುವ ಹಾಗೆ ಹೇಳಲಾಗುತ್ತಿರಲಿಲ್ಲ. ಕಾಯಿಲೆಯಲ್ಲಿ ಊಟ ಮಾಡಿಸುವವರು ಸಿಗುತ್ತಾರೆ, ಸ್ನಾನ ಮಾಡಿಸುವವರು ಸಿಗುತ್ತಾರೆ. ಒಬ್ಬನೇ ಒಂದು ವಾಕ್ಯ ಬರೆಯಲು ಬಿಡುವವರು ಸಿಗುವುದು ಕಷ್ಟ.

ಶುಕ್ರವಾರ ನಮಾಜು ಮುಗಿಸಿ ಬಸ್ಸು ಹತ್ತಿದ ಅಶ್ರಫಾಕ ಸಂಜೆಗೆ ವಾರ್ಡಿಗೆ ಬಂದರು. ಒಂದು ಕೈಯಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ. ನನ್ನ ಕೈಯನ್ನು ಎತ್ತಿ, ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. ಗಿರಾಕಿಯ ಫೋನನ್ನು ತೆಗೆದುಕೊಳ್ಳುವಾಗ ನೋಡುತ್ತಾರಲ್ಲ, ಅದೇ ನೋಟ.

"ಟಚ್ ಹೋಗಿದೆ," ಎಂದರು.

"ಬಾಡಿಯೂ ಲೂಸ್ ಉಂಟು," ಎಂದೆ.

ಚೀಲದಿಂದ ಅವರು ತೆಗೆದದ್ದು ಮೂರು ಕಡೆ ಟೇಪು ಸುತ್ತಿದ ಆ ಮೌಸ್. ಊಟದ ಹಲಗೆಯನ್ನು ನನ್ನೆದುರು ಎಳೆದರು, ಫೋನನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು, ಗಿಡ್ಡ ಕೇಬಲ್ ಸಿಕ್ಕಿಸಿದರು. ಪರದೆಯ ನಡುವೆ ಬಾಣ ಮೂಡಿತು. ಸಾವಿರ ಸಲ ನೋಡಿದ ಬಾಣ. ಕೌಂಟರಿನ ಈ ಕಡೆಯಿಂದ ನೋಡಿದ್ದು ಅದೇ ಮೊದಲು.

"ಕೈ ಇದರ ಮೇಲೆ ಇಡುವ. ಬೆರಳು ಬೇಡ. ಭುಜದಿಂದ ನೂಕು."

ನೂಕಿದೆ. ಬಾಣ ಓಡಿ ಮೂಲೆಗೆ ಹೋಗಿ ಅಡಗಿತು. ಎಳೆದೆ. ಈ ಮೂಲೆಗೆ ಬಂತು. ಅವರು ಸೆಟ್ಟಿಂಗಿಗೆ ಹೋಗಿ ಅದರ ಓಟ ಕಡಿಮೆ ಮಾಡಿದರು, ಬಾಣವನ್ನು ದೊಡ್ಡದು ಮಾಡಿದರು. "ಕ್ಲಿಕ್ ಮಾಡ್ಲಿಕ್ಕೆ ಆಗುದಿಲ್ಲ," ಎಂದೆ. "ಬೇಡ. ನಿಂತರೆ ಸಾಕು," ಎಂದು ಇನ್ನೊಂದನ್ನು ಒತ್ತಿದರು. ಬಾಣ ಎಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೋ ಅಲ್ಲಿ ಒತ್ತಿದ ಹಾಗೆ. ಆ ಸೌಕರ್ಯ ಎಲ್ಲ ಫೋನಿನಲ್ಲೂ ಮೂಲೆಯಲ್ಲಿ ಬಿದ್ದಿರುತ್ತದೆ. ನಾನು ಅದನ್ನು ಯಾರಿಗೂ ತೋರಿಸಿಕೊಟ್ಟಿರಲಿಲ್ಲ. ಯಾರಿಗೆ ಬೇಕು ಎಂದುಕೊಂಡಿದ್ದೆ.

ಅಮ್ಮ ಹತ್ತಿರ ಬಂದು ನೋಡಿದಳು. "ಇದು ಎಂತ, ಮಕ್ಕಳ ಆಟವಾ?"

"ಅಲ್ಲಕ್ಕ, ಇನ್ನು ಇವನ ಹರಟೆ ಶುರು. ಬನ್ನಿ, ಚಹಾ ಕುಡಿದು ಬರುವ," ಎಂದು ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಬೇಕೆಂದೇ ಹೋದರು ಎಂದು ಈಗ ಗೊತ್ತು.

ನಾನು ಬರೆದೆ. ಒಂದೊಂದು ಅಕ್ಷರದ ಮೇಲೆ ಬಾಣವನ್ನು ನಿಲ್ಲಿಸುವುದು, ಕಾಯುವುದು, ಮುಂದಿನದಕ್ಕೆ ನೂಕುವುದು. ಅಕ್ಷರಕ್ಕಿಂತ ಒತ್ತು ಕೊಂಬುಗಳೇ ಹೆಚ್ಚು ಸತಾಯಿಸಿದವು. ಅವರು ಚಹಾ ಕುಡಿದು ಬರುವವರೆಗೆ ಒಂದೇ ವಾಕ್ಯ: "ನನ್ನ ಟೇಬಲಿಗೆ ಬೇರೆಯವರನ್ನು ಕೂರಿಸಿ." ಕಳಿಸುವ ಗುರುತಿನ ಮೇಲೆ ಬಾಣ ನಿಲ್ಲಿಸಿದೆ. ಹೋಯಿತು. ಎಷ್ಟೋ ದಿನದ ಮೇಲೆ ಯಾರ ಸಹಾಯವೂ ಇಲ್ಲದೆ ನಾನು ಮಾಡಿದ ಮೊದಲ ಕೆಲಸ, ನನ್ನ ಕೆಲಸ ಬಿಟ್ಟುಕೊಟ್ಟದ್ದು.

ಕ್ಯಾಂಟೀನಿನಲ್ಲೇ ಅವರ ಫೋನು ಸದ್ದು ಮಾಡಿರಬೇಕು. ವಾಪಸು ಬಂದವರು ಅದರ ಮಾತೇ ಎತ್ತಲಿಲ್ಲ. ಕಿತ್ತಳೆ ಸುಲಿದು ನನ್ನ ಬಾಯಿಗೆ ಹಾಕಿ, ಬೀಜ ಉಗುಳಲು ಕೈಯೊಡ್ಡಿ, ಬಸ್ಸಿಗೆ ಹೋದರು. ಉತ್ತರ ದಾರಿಯಿಂದ ಬಂತು: "ಟಚ್ ಹೋದ ಫೋನನ್ನು ಸತ್ತಿದೆ ಅಂತ ನಾನು ಯಾರಿಗಾದರೂ ಹೇಳಿದ್ದು ಉಂಟಾ?"

ಅದರ ಕೆಳಗೆ ರುಕ್ಮಯ್ಯ ಮಾಸ್ಟ್ರದೂ ಒಂದು ಕಾಯುತ್ತಿತ್ತು. "ಬೇಗ ಗುಣಮುಖನಾಗು. ನೀನು ಹಾಕಿದ ಹೊಸ ಗಾಜಿನಲ್ಲಿ ಎಲ್ಲರೂ ಕಾಮಾಲೆ ಬಂದವರಂತೆ ಹಳದಿ ಕಾಣುತ್ತಾರೆ. ಅವಸರವಿಲ್ಲ. ಬಂದ ಮೇಲೆ ವಿಚಾರಿಸುವೆ."

*

ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ಪುತ್ತೂರಿಗೆ ಫಿಸಿಯೋಥೆರಪಿ. ಮೊದಲು ಗಾಲಿಕುರ್ಚಿ, ಆಮೇಲೆ ವಾಕರ್, ಆಮೇಲೆ ಅಮ್ಮನ ಭುಜ. ಕಾಲು ಮುಂದೆ ಹೋಯಿತು, ಕೈ ಹಿಂದೆ ಉಳಿಯಿತು. ಫಿಸಿಯೋ ಮೇಡಂ ಬಟ್ಟೆಯ ಕ್ಲಿಪ್ಪು ಒತ್ತಿಸುತ್ತಿದ್ದರು, ಗೋಲಿ ಹೆಕ್ಕಿಸುತ್ತಿದ್ದರು. ನನ್ನ ಗೋಲಿಗಳೆಲ್ಲ ಬೆಂಚಿನವರ ಕಾಲಡಿಗೆ ಓಡುತ್ತಿದ್ದವು. ಎಲ್ಲರೂ ಕಾಲೆತ್ತಿ ಕುಳಿತುಕೊಳ್ಳುತ್ತಿದ್ದರು, ನನ್ನ ಸರದಿ ಬಂತೆಂದರೆ.

"ಬರ್ತದಾ ಮೇಡಂ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಅಮ್ಮ ಹೊರಗೆ ಬಸ್ಸಿನ ಹೊತ್ತು ವಿಚಾರಿಸಲು ಹೋಗಿದ್ದಳು.

"ಬರುವ ಲಕ್ಷಣ ಉಂಟು. ಎಷ್ಟು ಬರ್ತದೆ ಅಂತ ನನಗೆ ಗೊತ್ತಿಲ್ಲ ಚರಣ್. ಸುಳ್ಳು ಹೇಳುದಿಲ್ಲ."

ಆ ಉತ್ತರ ನನಗೆ ಸಮಾಧಾನ ಕೊಟ್ಟಿತು. ಎಲ್ಲ ಸರಿಯಾಗುತ್ತದೆ ಎಂದು ಹೇಳಿದವರೆಲ್ಲ ಮನೆಗೆ ಹೋಗಿ ತಮ್ಮ ಕೈಯಲ್ಲೇ ಊಟ ಮಾಡಿ ಮಲಗುವವರು. ಗೊತ್ತಿಲ್ಲ ಎಂದವರು ಮಾತ್ರ ನನ್ನ ಜೊತೆ ಸ್ವಲ್ಪ ಹೊತ್ತು ನಿಂತ ಹಾಗೆ.

ಅಶ್ರಫಾಕ ತಮ್ಮ ಮಗಳ ಹಳೆಯ ಟ್ಯಾಬ್ ಕಳಿಸಿದರು. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿನದ್ದು, ಹಿಂಬದಿಯಲ್ಲಿ ಬೆಕ್ಕಿನ ಸ್ಟಿಕ್ಕರ್. ಜೊತೆಗೆ ಟ್ರ್ಯಾಕ್‌ಪ್ಯಾಡ್ ಇರುವ ಒಂದು ಕೀಬೋರ್ಡ್. ನನ್ನ ಹಾಗಿರುವವರಿಗೆ ಉಪಕಾರವಾಗಲಿ ಎಂದು ಇಷ್ಟು ಬರೆಯುತ್ತೇನೆ. ಬೆರಳು ಪೂರ್ತಿ ಹೋದಾಗ ಮೌಸೇ ಸರಿ, ಭುಜದಿಂದ ನೂಕಬಹುದು. ಟ್ರ್ಯಾಕ್‌ಪ್ಯಾಡಿಗೆ ಬೆರಳು ಸ್ವಲ್ಪ ಜಾರುವಷ್ಟು ಬರಬೇಕು; ಬಂದ ಮೇಲೆ ಅದರಷ್ಟು ಸುಖ ಬೇರೆ ಇಲ್ಲ, ಏನನ್ನೂ ಹಿಡಿಯಬೇಕಾಗಿಲ್ಲ. ಕೀಬೋರ್ಡಿನಲ್ಲಿ ನನ್ನ ಬೆರಳು ಒತ್ತಿದ ಕಡೆಯಲ್ಲೇ ಮಲಗಿಬಿಡುತ್ತಿತ್ತು. ಅಮ್ಮ ಎಂದು ಬರೆದರೆ ಅಮ್ಮಮ್ಮಮ್ಮಮ್ಮ ಎಂದು ಬೀಳುತ್ತಿತ್ತು. ಅದನ್ನು ತಡೆಯಲಿಕ್ಕೂ ಸೆಟ್ಟಿಂಗ್ ಇದೆ. ಹುಡುಕಿ. ಕೇಳಲು ನಾಚಬೇಡಿ. ಅಂಗಡಿಯ ಹುಡುಗ ನಕ್ಕರೆ ನಗಲಿ. ನಾನೂ ಹಾಗೇ ನಗುತ್ತಿದ್ದವನು.

ದಿನವೂ ಬೆಳಿಗ್ಗೆ ಅಮ್ಮ ಶಾಲೆಗೆ ಹೊರಡುವ ಮೊದಲು ನನ್ನ ಎರಡು ಕೈಗಳನ್ನು ಕೀಬೋರ್ಡಿನ ಮೇಲೆ ಇಟ್ಟು ಹೋಗುತ್ತಿದ್ದಳು, ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿದ ಹಾಗೆ. ಕಣ್ಣಿನಿಂದ ನೋಡಿ ಒತ್ತುವುದು. ಬೆರಳಿಗೆ ಏನೂ ಗೊತ್ತಿಲ್ಲ. ಹೀಗೆ ಎಷ್ಟೋ ವಾರ.

ಒಂದು ಬೆಳಿಗ್ಗೆ ನಾನು ಕಿಟಕಿಯ ಹೊರಗೆ ಶಾಲೆಗೆ ಹೋಗುವ ಮಕ್ಕಳನ್ನು ನೋಡುತ್ತಿದ್ದೆ. ಎಡಗೈಯ ತೋರುಬೆರಳಿನ ಕೆಳಗೆ ಏನೋ ಇತ್ತು. ಅನ್ನದ ಅಗುಳು ಅಂಟಿದೆ ಎಂದುಕೊಂಡೆ. ಸರಿಸಿ ನೋಡಿದೆ. ಅನ್ನವಲ್ಲ. ಎಲ್ಲ ಕೀಬೋರ್ಡಿನಲ್ಲೂ ಇಂಗ್ಲಿಷ್ ಎಫ್ ಮತ್ತು ಜೆ ಅಕ್ಷರಗಳ ಕೆಳಗೆ ಒಂದು ಸಣ್ಣ ಗೆರೆ ಉಬ್ಬಿರುತ್ತದೆ, ನೋಡದೆ ಬೆರಳಿಡಲು. ಅದು.

ಕಣ್ಣು ಮುಚ್ಚಿದೆ. ಬೆರಳನ್ನು ಪಕ್ಕಕ್ಕೆ ಎಳೆದೆ, ಇಲ್ಲ. ವಾಪಸು ತಂದೆ, ಇದೆ.

"ಅಮ್ಮಾ!" ಎಂದು ಕೂಗಿದ್ದಕ್ಕೆ ಅವಳು ಸೌಟು ಹಿಡಿದೇ ಓಡಿ ಬಂದಳು.

"ಬಿದ್ದೆಯಾ?"

"ಇಲ್ಲ. ಇಲ್ಲಿ ಮುಟ್ಟು."

ಮುಟ್ಟಿದಳು. "ಎಂತ ಉಂಟು? ಸಣ್ಣ ಗುಳ್ಳೆ."

"ಅದು ನನಗೂ ಗೊತ್ತಾಗ್ತದೆ."

ಅವಳು ಸೌಟನ್ನು ಕೆಳಗಿಟ್ಟಳು. ಆ ಗುಳ್ಳೆಯನ್ನು ಇನ್ನೊಮ್ಮೆ ಮುಟ್ಟಿದಳು, ನನ್ನ ಬೆರಳನ್ನು ಮುಟ್ಟಿದಳು, ಮತ್ತೆ ಗುಳ್ಳೆಯನ್ನು. ಅವತ್ತು ಶಾಲೆಯಲ್ಲಿ ಸಾಂಬಾರಿಗೆ ಉಪ್ಪು ಎರಡು ಸಲ ಬಿದ್ದಿತಂತೆ. ಮಕ್ಕಳು ಇವತ್ತಿಗೂ ಹೇಳುತ್ತಾರೆ.

ಆ ಭಾನುವಾರ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ತೀರಿಸಿ ಬಂದೆವು. ಮದ್ದಿನಿಂದಲೋ ಹರಕೆಯಿಂದಲೋ ಎಂದು ನೀವು ಕೇಳಿದರೆ, ಎರಡನ್ನೂ ನಾನು ಬೇಡ ಎನ್ನಲಿಲ್ಲ, ಅಷ್ಟೇ.

*

ಕಡಬಕ್ಕೆ ನಾನು ವಾಪಸು ಹೋದದ್ದು ಮುಂದಿನ ಮಳೆಗಾಲ ಕಳೆದು. ನನ್ನ ಟೇಬಲಿನ ಮೇಲೆ ಮೈಯೊರೆಸುವ ಒಂದು ಬೈರಾಸು ಹೊದಿಸಿತ್ತು. ಅದರ ಮೇಲೆ ಧೂಳಿತ್ತು. ಬೇರೆ ಯಾರೂ ಕುಳಿತ ಹಾಗಿರಲಿಲ್ಲ. ರಿಪೇರಿಯನ್ನೆಲ್ಲ ಅಶ್ರಫಾಕ ಮುಂದಿನ ಕೌಂಟರಿನಲ್ಲೇ ಕನ್ನಡಕ ಹಾಕಿಕೊಂಡು ಮಾಡುತ್ತಿದ್ದರಂತೆ.

ಡ್ರಾಯರು ತೆಗೆದೆ. 'ರುಕ್ಮಯ್ಯ ಮಾ.' ನನ್ನದೇ ಅಕ್ಷರ, ಆದರೆ ಆಗಲೇ ಸೊಟ್ಟ. ಕೈ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಆ ಡಿಸ್‌ಪ್ಲೇಯನ್ನು ಪರೀಕ್ಷೆಗೆ ಸಿಕ್ಕಿಸಿದೆ. ಅಶ್ರಫಾಕ ಒತ್ತಿ ನೋಡಿದರು. ಯಾವ ಮೂಲೆಯಲ್ಲೂ ದೋಷವಿಲ್ಲ.

ಮಾಸ್ಟ್ರು ಮಗಳ ಮನೆಗೆ ಬಂದಾಗ ಅಂಗಡಿಗೆ ಕರೆದು ಹೇಳಿದೆ. ತಮಾಷೆ ಸೇರಿಸದೆ ಹೇಳಿದೆ. "ಪ್ರೇತ ಇದ್ದದ್ದು ನಿಮ್ಮ ಫೋನಿನಲ್ಲಿ ಅಲ್ಲ ಮಾಸ್ಟ್ರೇ, ನನ್ನ ಬೆರಳಲ್ಲಿ. ನಿಮ್ಮದು ಸರಿಯೇ ಇತ್ತು. ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಅಂದರೆ ಬರೆದವನು ಸರಿ ಬರೆದಿದ್ದಾನೆ, ತಿದ್ದಿದವನು ತಪ್ಪು."

"ಹೌದು ಮಾಸ್ಟ್ರೇ."

"ನಾನೂ ಮಾಡಿದ್ದೇನೆ. ಆದರೆ ಮಾರ್ಕು ವಾಪಸು ಕೊಟ್ಟಿದ್ದೇನೆ." ಫೋನನ್ನು ಟೇಬಲಿನ ಮೇಲಿಟ್ಟರು. "ನನ್ನ ಹಳೆಯ ಗಾಜು ಹಾಕಿ ಕೊಡು. ನೀನೇ ಹಾಕಬೇಕು."

"ಅಶ್ರಫಾಕ ಹಾಕ್ತಾರೆ, ಹತ್ತು ನಿಮಿಷ. ನನಗೆ ಇನ್ನೂ ಸಣ್ಣ ಕೆಲಸ..."

"ಅಶ್ರಫ್ ತಪ್ಪು ಮಾಡಲಿಲ್ಲವಲ್ಲ," ಎಂದು ಸ್ಟೂಲು ಎಳೆದು ಕುಳಿತರು. "ಪರೀಕ್ಷೆಗೆ ಸಮಯದ ಮಿತಿ ಇಲ್ಲ. ನಾನು ಮೇಲ್ವಿಚಾರಕ."

ಅಶ್ರಫಾಕ ಮುಂದೆ ಕೌಂಟರಿನಲ್ಲಿ ಬೆನ್ನು ತಿರುಗಿಸಿ ನಿಂತು, ಏನೂ ಇಲ್ಲದ ಶೆಲ್ಫನ್ನು ಒರೆಸತೊಡಗಿದರು.

ಚಿಮುಟಕ್ಕೆ ದಪ್ಪ ಟೇಪು ಸುತ್ತಿಕೊಂಡೆ, ಹಿಡಿತಕ್ಕೆ. ಹಿಂದೆ ನಾನು ಅರ್ಧ ಗಂಟೆಯಲ್ಲಿ ಮಾಡುತ್ತಿದ್ದ ಕೆಲಸ. ಬಿಸಿ ಮಾಡಿ ಫೋನಿನ ಬೆನ್ನು ಬಿಡಿಸುವಷ್ಟರಲ್ಲಿ ಮಾಸ್ಟ್ರು ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದರು. ಹದಿಮೂರು ಸ್ಕ್ರೂ. ಬಿಚ್ಚುವಾಗ ಒಂದೊಂದನ್ನೂ ಅಯಸ್ಕಾಂತದ ಹಾಳೆಯ ಮೇಲೆ ಇಟ್ಟೆ. ಮಧ್ಯಾಹ್ನದ ಊಟಕ್ಕೆ ಮಾಸ್ಟ್ರ ಮಗಳು ಫೋನು ಮಾಡಿದಳು, ಅಶ್ರಫಾಕನ ಫೋನಿಗೆ. "ಪರೀಕ್ಷೆ ನಡೀತಾ ಉಂಟು ಅಂತ ಹೇಳು," ಎಂದರು ಮಾಸ್ಟ್ರು.

ಹಾಕುವಾಗ ಹನ್ನೆರಡು ಕೂತವು. ಹದಿಮೂರನೆಯದು ಚಿಮುಟದಿಂದ ಜಾರಿತು. ಇನ್ನೊಮ್ಮೆ ಜಾರಿತು. ಮೂರನೇ ಸಲ ನೆಲಕ್ಕೆ ಬಿತ್ತು. ನಾನು ಟೇಬಲಿಗೆ ಬೈಯಲಿಲ್ಲ. ಮಾಸ್ಟ್ರು ಪಂಚೆ ಎತ್ತಿಕೊಂಡು ನೆಲದ ಮೇಲೆ ಕುಳಿತರು, ಹುಡುಕಿದರು, ಹೆಕ್ಕಿ ತಮ್ಮ ಅಂಗೈಯಲ್ಲಿಟ್ಟು ನನ್ನೆದುರು ಚಾಚಿದರು. ಇಷ್ಟು ದೊಡ್ಡ ಸ್ವರದ ಮನುಷ್ಯ ಇಷ್ಟು ಹೊತ್ತು ಸುಮ್ಮನಿರಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಅನುಕರಿಸಲು ನನಗೆ ಇನ್ನೂ ಬಂದಿಲ್ಲ.

ಅವರ ಅಂಗೈಯಿಂದ ಸ್ಕ್ರೂ ಎತ್ತಿದೆ. ಕೂತಿತು. ತಿರುಗಿಸಿದೆ.

ಬೆನ್ನು ಮುಚ್ಚಿ ಫೋನು ಆನ್ ಮಾಡಿದೆ. ಬೆಳಕು ಬಂತು, ಬೀಗದ ಅಂಕೆಗಳು ಬಂದವು. ಹಳದಿಯಿಲ್ಲದ ಬಿಳಿ. ಅಭ್ಯಾಸಬಲದಿಂದ ನನ್ನ ಎಡಗೈ ಪಕ್ಕದಲ್ಲಿದ್ದ ಟೇಪಿನ ಮೌಸಿಗೆ ಹೋಯಿತು. ಮಾಸ್ಟ್ರು ಅದನ್ನು ಸರಿಸಿ ಆಚೆ ಇಟ್ಟರು.

"ನೀವು ಒತ್ತಿ ನೋಡಿ ಮಾಸ್ಟ್ರೇ."

"ನನ್ನ ಬೆರಳು ಅವತ್ತೂ ಸರಿ ಇತ್ತು," ಎಂದರು. ತಮ್ಮ ಗುಟ್ಟಿನ ನಾಲ್ಕು ಅಂಕೆಗಳನ್ನು ಕೊನೆಯ ಬೆಂಚಿಗೆ ಕೇಳುವ ಹಾಗೆ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದರು.

ನಾನು ಒಂದೊಂದಾಗಿ ಒತ್ತಿದೆ. ಒಂದು ಒತ್ತಿದರೆ ಒಂದೇ ಬಿತ್ತು. ನಾಲ್ಕನೆಯದಕ್ಕೆ ಫೋನು ತೆರೆಯಿತು.